ವೈನ್ ದ್ರಾಕ್ಷಿ ಮತ್ತು ವೈನ್ ತಯಾರಿಕೆ: ಮಲೆನಾಡಿನ ಉದ್ಯಮಿಗೊಂದು ಮೊದಲ ಪಾಠ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ಬೆಳೆಗಾರರಲ್ಲಿ ‘ಬೋರ್ಡೋ’ ಎಂಬ ಶಬ್ದವನ್ನು ಅರಿಯದವರಿಲ್ಲ. ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಕಲಸಿ, ಕೊನೆಗೌಡನನ್ನು ಮರ ಹತ್ತಿಸಿ, ಕೊಳೆರೋಗ ತಗುಲದಂತೆ ಕೊನೆಗಳಿಗೆ ಸಿಂಪಡಿಸುವ ಆ ನೀಲಿ ದ್ರಾವಣಕ್ಕೆ ಹೆಸರು ಬಂದದ್ದು ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತ್ಯದಿಂದ. ಆ ಪ್ರಾಂತ್ಯದ ಮುಖ್ಯ ಬೆಳೆ ವೈನ್ ದ್ರಾಕ್ಷಿ. ದಾರಿಹೋಕರು ಹಣ್ಣು ಕೀಳದಿರಲೆಂದು ಅಲ್ಲಿನ ಕೆಲವು ರೈತರು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ-ಸುಣ್ಣದ ಲೇಪ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಬೂಜು ತುಪ್ಪಟ ರೋಗ ತಗುಲದಿರುವುದನ್ನು 1882ರಲ್ಲಿ ಗಮನಿಸಿದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ, ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಇದೇ ದ್ರಾವಣವನ್ನು ನಮ್ಮ ಕಡೆಯ ತೋಟಗಳಿಗೆ ಪರಿಚಯಿಸಿದರು.

ಹೀಗೆ ವೈನ್ ದ್ರಾಕ್ಷಿಯ ಔಷಧವು ಅಡಿಕೆಗೆ ಬಂದು ನೂರು ವರ್ಷಗಳು ಸಂದಿವೆ. ಆದರೆ ವೈನ್ ದ್ರಾಕ್ಷಿ ಮಾತ್ರ ನಮ್ಮ ಘಟ್ಟಕ್ಕೆ ಬರಲಿಲ್ಲ. ಏಕೆ ಬರಲಿಲ್ಲ, ಅದನ್ನು ಬೆಳೆಯುವ ನಾಡುಗಳಲ್ಲಿ ಹಣ್ಣು ವೈನ್ ಆಗುವ ಬಗೆ ಹೇಗೆ, ಆ ವಿದ್ಯೆಯಿಂದ ಅನಾನಸು, ಮುರುಗಲು, ಹಲಸು ಬೆಳೆಯುವ ನಾವು ಕಲಿಯಬೇಕಾದದ್ದೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಕುತೂಹಲದಿಂದ ಒಂದು ಬಾಟಲಿ ಕೊಳ್ಳುವವರಿಗೂ, ‘ನಮ್ಮ ಹಣ್ಣಿನಿಂದ ವೈನ್ ಮಾಡಿದರೆ ಹೇಗೆ?’ ಎಂದು ಯೋಚಿಸುವ ಸಣ್ಣ ಉದ್ಯಮಿಗಳಿಗೂ ಇದು ಉಪಯುಕ್ತವಾದೀತೆಂದು ಆಶಿಸಲಾಗಿದೆ.

ಮೊದಲಿಗೆ ಪದಗಳ ಬಗ್ಗೆ ಒಂದು ಮಾತು. ಸರ್ಕಾರಿ ಕಾಗದಪತ್ರಗಳಲ್ಲಿ ವೈನ್‌ಗೆ ‘ದ್ರಾಕ್ಷಾರಸ’ ಎಂಬ ಪದ ಬಳಕೆಯಲ್ಲಿದೆ. ಆದರೆ ಆಗತಾನೆ ಹಿಂಡಿದ ಸಿಹಿರಸಕ್ಕೂ ಜನ ಅದೇ ಪದವನ್ನು ಬಳಸುವುದುಂಟು. ಗೊಂದಲ ಬೇಡವೆಂದು ಈ ಲೇಖನದಲ್ಲಿ ಹಿಂಡಿದ್ದನ್ನು ‘ರಸ’ ಎಂದೂ, ಹುದುಗಿದ್ದನ್ನು ‘ವೈನ್’ ಎಂದೂ ಕರೆಯಲಾಗಿದೆ.

ಬಳ್ಳಿ ಬಯಸುವ ಹವೆ

ಅಡಿಕೆಯ ಕೊಳೆರೋಗ ಮತ್ತು ದ್ರಾಕ್ಷಿಯ ಬೂಜು ತುಪ್ಪಟ ರೋಗ ಇವೆರಡನ್ನೂ ಉಂಟುಮಾಡುವ ಜೀವಿಗಳು ಒಂದೇ ಗುಂಪಿಗೆ ಸೇರಿದವು. ಎಲೆ ಅಥವಾ ಕಾಯಿಯ ಮೇಲೆ ನೀರು ನಿಂತರೆ, ಗಾಳಿಯಲ್ಲಿ ತೇವ ತುಂಬಿದ್ದರೆ ಅವು ಹಬ್ಬುತ್ತವೆ. ಒಂದೇ ಔಷಧ ಎರಡಕ್ಕೂ ಒದಗಿದ್ದರ ಗುಟ್ಟು ಇದೇ. ಬಿಡದೆ ಮಳೆ ಹೊಯ್ದ ವರ್ಷ ಅಡಿಕೆಯ ಗತಿ ಏನಾಗುತ್ತದೆಂಬುದು ನಮಗೆಲ್ಲ ತಿಳಿದ ವಿಷಯ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಘಟ್ಟದ ಮೇಲಿನ ಪ್ರದೇಶದಲ್ಲಿ ದ್ರಾಕ್ಷಿಯ ಎಳೆ ಚಿಗುರಿನ ಗತಿಯೂ ಅದೇ.

ವೈನ್ ದ್ರಾಕ್ಷಿಗೆ ಬೇಕಾದದ್ದು ಒಣ ಹವೆ, ಹೇರಳವಾದ ಬಿಸಿಲು, ನೀರು ಬಸಿದುಹೋಗುವ ಮಣ್ಣು ಮತ್ತು ಹಣ್ಣು ಮಾಗುವ ಕಾಲದಲ್ಲಿ ತಂಪಾದ ರಾತ್ರಿಗಳು. ಹಗಲಿನ ಬಿಸಿಲು ಸಕ್ಕರೆಯನ್ನು ತುಂಬುತ್ತದೆ. ರಾತ್ರಿಯ ತಂಪು ಹಣ್ಣಿನ ಹುಳಿ ಬೇಗನೆ ಕರಗದಂತೆ ಕಾಯುತ್ತದೆ. ಯುರೋಪಿನಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ದಖನ್ ಪ್ರಸ್ಥಭೂಮಿಯಲ್ಲಿ ಬಳ್ಳಿ ಮಲಗುವುದೇ ಇಲ್ಲ. ಆದ್ದರಿಂದ ಇಲ್ಲಿನ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಬಳ್ಳಿಯನ್ನು ಸವರುತ್ತಾರೆ. ವಿಜಯಪುರದ ಕಡೆ ಇದಕ್ಕೆ ‘ಚಾಟನಿ’ ಎನ್ನುವರು. ಏಪ್ರಿಲ್ ಸುಮಾರಿನ ಮೊದಲ ಚಾಟನಿಯಿಂದ ಹೊಸ ಕಡ್ಡಿ ಬರುತ್ತದೆ, ಮಳೆ ಹಿಂದೆಗೆದ ಮೇಲೆ ಮಾಡುವ ಎರಡನೆಯ ಚಾಟನಿಯಿಂದ ಹೂ ಮತ್ತು ಫಲ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಒಣ ಹವೆಯಲ್ಲಿ ಹಣ್ಣು ಕೊಯ್ಲಿಗೆ ಬರುತ್ತದೆ. ಮಳೆಗಾಲವನ್ನು ಎಲೆಯಲ್ಲಿ ಕಳೆದು, ಬೇಸಿಗೆಯನ್ನು ಹಣ್ಣಿಗೆ ಮೀಸಲಿಡುವ ಈ ಉಪಾಯ ಆರುನೂರು ಮಿಲಿಮೀಟರ್ ಮಳೆಯ ವಿಜಯಪುರದಲ್ಲಿ ನಡೆಯುತ್ತದೆ. ನಾಲ್ಕು ತಿಂಗಳು ತೋಟದ ಮಣ್ಣು ಆರದ ಸಿದ್ದಾಪುರದಲ್ಲಿ ನಡೆಯದು. ಮನೆಯ ಹಿತ್ತಲಲ್ಲಿ ಚಪ್ಪರಕ್ಕೊಂದು ಬಳ್ಳಿ ಹಬ್ಬಿಸುವುದು ಬೇರೆ, ಬಂಡವಾಳ ಹೂಡಿ ಎಕರೆಗಟ್ಟಲೆ ಬೆಳೆಯುವುದು ಬೇರೆ.

ಕರ್ನಾಟಕದ ದ್ರಾಕ್ಷಿ ಸೀಮೆಗಳು

ನಮ್ಮ ರಾಜ್ಯದಲ್ಲಿ ದ್ರಾಕ್ಷಿಗೆ ಎರಡು ಮುಖ್ಯ ಸೀಮೆಗಳಿವೆ. ಒಂದು, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳನ್ನೊಳಗೊಂಡ ನಂದಿ ಕಣಿವೆ. ಇನ್ನೊಂದು, ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕೃಷ್ಣಾ ಕಣಿವೆ. ಮೊದಲನೆಯದಕ್ಕೆ ಎತ್ತರದ ತಂಪು ಆಸರೆ, ಎರಡನೆಯದಕ್ಕೆ ಒಣಹವೆ ಆಸರೆ. ಕೃಷ್ಣಾ ಕಣಿವೆಯಲ್ಲಿ ಬೆಳೆಯುವ ದ್ರಾಕ್ಷಿಯ ಬಹುಪಾಲು ತಿನ್ನುವ ಹಣ್ಣಾಗಿ ಮತ್ತು ಒಣದ್ರಾಕ್ಷಿಯಾಗಿ ಮಾರಾಟವಾಗುತ್ತದೆ, ವೈನ್‌ಗೆ ಹೋಗುವುದು ಸ್ವಲ್ಪ ಭಾಗ ಮಾತ್ರ.

ಇಂದಿನ ಅರ್ಥದ ವೈನ್ ಉದ್ಯಮ ರಾಜ್ಯದಲ್ಲಿ ಬೇರೂರಿದ್ದು 1988ರಲ್ಲಿ, ಕಂವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ಸೆರಗಿನಲ್ಲಿ ಗ್ರೋವರ್ ವಿನ್‌ಯಾರ್ಡ್ಸ್ ಸ್ಥಾಪಿಸಿದಾಗ. ಅದಕ್ಕೂ ಮೊದಲು ಅವರು ಫ್ರಾನ್ಸಿನ ತಜ್ಞರ ನೆರವಿನಿಂದ ವರ್ಷಗಳ ಕಾಲ ಹಲವಾರು ತಳಿಗಳನ್ನು ಪರೀಕ್ಷಿಸಿ, ಯಾವ ಬಳ್ಳಿ ಯಾವ ಮಣ್ಣಿಗೆ ಒಗ್ಗುತ್ತದೆಂದು ನೋಡಿದ್ದರು. ಮುಂದೆ 2012ರಲ್ಲಿ ಆ ಸಂಸ್ಥೆ ನಾಸಿಕದ ಇನ್ನೊಂದು ಸಂಸ್ಥೆಯೊಡನೆ ಕೂಡಿ ಗ್ರೋವರ್ ಜಂಪಾ ಆಯಿತು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಉದ್ಯಮವನ್ನು ಬೆಳೆಸಲು ದ್ರಾಕ್ಷಾರಸ ಮಂಡಳಿಯೂ ಅಸ್ತಿತ್ವಕ್ಕೆ ಬಂದಿತು. ತಳಿಯ ಪರೀಕ್ಷೆ ಮೊದಲು, ಕಟ್ಟಡ ನಂತರ ಎಂಬ ಗ್ರೋವರ್ ಅವರ ಕ್ರಮ ಯಾವ ಉದ್ಯಮಕ್ಕಾದರೂ ಮಾದರಿಯೇ ಸರಿ.

ತಿನ್ನುವ ಹಣ್ಣು ಬೇರೆ, ವೈನ್ ಹಣ್ಣು ಬೇರೆ

ಶಿರಸಿ ಪೇಟೆಗೆ ಬರುವ ದ್ರಾಕ್ಷಿ ದೊಡ್ಡದು, ತಿರುಳು ತುಂಬಿದ್ದು, ತೆಳು ಸಿಪ್ಪೆಯದು, ಹೆಚ್ಚಾಗಿ ಬೀಜವಿಲ್ಲದ್ದು. ವೈನ್ ದ್ರಾಕ್ಷಿ ಇದಕ್ಕೆ ತದ್ವಿರುದ್ಧ. ಅದು ಚಿಕ್ಕದು, ದಪ್ಪ ಸಿಪ್ಪೆಯದು, ಬೀಜ ತುಂಬಿದ್ದು, ತಿನ್ನಲು ಅಷ್ಟೇನೂ ಸೊಗಸಲ್ಲ. ಬಣ್ಣ, ಪರಿಮಳ, ಒಗರು ಇವೆಲ್ಲ ಇರುವುದು ಸಿಪ್ಪೆಯಲ್ಲಿ ಮತ್ತು ಬೀಜದಲ್ಲಿ. ಕಾಯಿ ಚಿಕ್ಕದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಆದ್ದರಿಂದಲೇ ವೈನ್ ತೋಟದಲ್ಲಿ ಎಕರೆಗೆ ಇಳುವರಿ ಹೆಚ್ಚಿಸುವುದು ಗುರಿಯಲ್ಲ. ಗೊಂಚಲು ಕಡಿಮೆ ಮಾಡಿ ಗುಣ ಹೆಚ್ಚಿಸುವುದೇ ಗುರಿ.

ವೈನ್ ತಳಿಗಳು ಬಹುಮಟ್ಟಿಗೆ ‘ವಿಟಿಸ್ ವಿನಿಫೆರಾ’ ಎಂಬ ಒಂದೇ ಜಾತಿಗೆ ಸೇರಿದವು. ಕೆಂಪು ವೈನ್‌ಗೆ ಕ್ಯಾಬರ್ನೆ ಸವಿನ್ಯೋಂ ಮತ್ತು ಶಿರಾಜ್, ಬಿಳಿ ವೈನ್‌ಗೆ ಸವಿನ್ಯೋಂ ಬ್ಲಾಂ ಮತ್ತು ಶೆನಿನ್ ಬ್ಲಾಂ ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿವೆ. ಶಿರಾಜ್ ಎಂದರೆ ಕರಿಮೆಣಸನ್ನು ನೆನಪಿಸುವ ಖಾರದ ಪರಿಮಳ. ಇದು ಬರಿಯ ಕಲ್ಪನೆಯಲ್ಲ. ಕಾಳುಮೆಣಸಿನ ಘಮಕ್ಕೆ ಕಾರಣವಾದ ರೊಟಂಡೋನ್ ಎಂಬ ವಸ್ತುವೇ ಆ ಹಣ್ಣಿನ ಸಿಪ್ಪೆಯಲ್ಲೂ ಇರುತ್ತದೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವ ನಮ್ಮವರಿಗೆ ಆ ಪರಿಮಳದ ಗುರುತು ಬೇರೆ ಹೇಳಬೇಕಿಲ್ಲ.

ನಮ್ಮದೇ ಆದ ‘ಬೆಂಗಳೂರು ನೀಲಿ’ ತಳಿಗೆ ಬೇರೆ ವಂಶವಿದೆ. ಅದರಲ್ಲಿ ಅಮೆರಿಕದ ‘ಲಬ್ರುಸ್ಕಾ’ ಜಾತಿಯ ರಕ್ತವಿದೆ. ಮೂಗಿಗೆ ತಟ್ಟನೆ ಅಡರುವ ಅದರ ವಿಶಿಷ್ಟ ವಾಸನೆ ಅಲ್ಲಿಂದಲೇ ಬಂದದ್ದು. 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಹಣ್ಣು ರಸಕ್ಕೆ, ಜಾಮ್‌ಗೆ ಹಾಗೂ ಕಡಿಮೆ ಬೆಲೆಯ ಸಿಹಿ ವೈನ್‌ಗೆ ಹೆಚ್ಚಾಗಿ ಬಳಕೆಯಾಗುತ್ತದೆ.

ಕೊಯ್ಲಿನ ದಿನ: ಸಿಹಿ-ಹುಳಿಯ ಲೆಕ್ಕ

ಅಡಿಕೆಯನ್ನು ಎಳೆಯದಿರುವಾಗ ಕೊಯ್ದು ಸುಲಿದು ಬೇಯಿಸಿದರೆ ಕೆಂಪಡಿಕೆ. ಅದೇ ಮರದ ಕಾಯಿ ಹಣ್ಣಾದ ಮೇಲೆ ಕೊಯ್ದು ಒಣಗಿಸಿದರೆ ಚಾಲಿ. ಕೊಯ್ಲಿನ ದಿನವೇ ಸರಕಿನ ಜಾತಿಯನ್ನೂ ಬೆಲೆಯನ್ನೂ ನಿರ್ಧರಿಸುತ್ತದೆ. ವೈನ್ ದ್ರಾಕ್ಷಿಯದೂ ಹಾಗೆಯೇ. ಹಣ್ಣು ಮಾಗುತ್ತಾ ಹೋದಂತೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಎರಡೂ ಸಮತೂಕಕ್ಕೆ ಬಂದ ದಿನವನ್ನು ಹಿಡಿಯುವುದೇ ವೈನ್ ತಯಾರಕನ ಮೊದಲ ಜಾಣ್ಮೆ. ಕೊಯ್ಲು ಬೆಳಗಿನ ಜಾವದಲ್ಲೇ ನಡೆಯುತ್ತದೆ. ಬಿಸಿಲಿಗೆ ಕಾದ ಹಣ್ಣು ಬುಟ್ಟಿಯಲ್ಲೇ ಹುದುಗಲು ತೊಡಗುತ್ತದೆ.

ಸಕ್ಕರೆಯನ್ನು ಅಳೆಯುವ ಮಾನ ‘ಬ್ರಿಕ್ಸ್’. ಸರಳವಾಗಿ ಹೇಳಿದರೆ ನೂರು ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆ ಇದೆ ಎಂಬ ಲೆಕ್ಕ. ಜೇನು ಸಾಕುವವರು ತೇವಾಂಶ ನೋಡಲು ಬಳಸುವ ಕೈ ರಿಫ್ರ್ಯಾಕ್ಟೋಮೀಟರಿನ ಜಾತಿಯ ಉಪಕರಣವೇ ಇಲ್ಲಿಯೂ ಬಳಕೆಯಲ್ಲಿದೆ. ವೈನ್ ದ್ರಾಕ್ಷಿ ಸಾಮಾನ್ಯವಾಗಿ 20ರಿಂದ 24 ಬ್ರಿಕ್ಸ್ ತಲುಪಿದಾಗ ಕೊಯ್ಲಿಗೆ ಬರುತ್ತದೆ. ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರ ಬರುತ್ತದೆ. ಈ ಲೆಕ್ಕದಂತೆ 22 ಬ್ರಿಕ್ಸ್ ರಸದಿಂದ ಶೇಕಡಾ 12ರಿಂದ 13ರ ವೈನ್ ದೊರೆಯುತ್ತದೆ. ಹುಳಿಗೆ ಎರಡು ಅಳತೆಗಳಿವೆ: ಒಟ್ಟು ಆಮ್ಲದ ಪ್ರಮಾಣ ಮತ್ತು ಪಿಎಚ್. ಪಿಎಚ್ ಬಿಳಿ ವೈನ್‌ಗೆ 3.0ರಿಂದ 3.4, ಕೆಂಪಿಗೆ 3.3ರಿಂದ 3.7 ಇದ್ದರೆ ಒಳ್ಳೆಯದು. ಪಿಎಚ್ ಏರಿದಷ್ಟೂ ಕೆಡಿಸುವ ಸೂಕ್ಷ್ಮಜೀವಿಗಳಿಗೆ ದಾರಿ ಸುಲಭವಾಗುತ್ತದೆ.

ರಸ ವೈನ್ ಆಗುವ ಬಗೆ

ಆಲೆಮನೆಯಲ್ಲಿ ಹಿಂಡಿದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿಯದೆ ಮರುದಿನಕ್ಕೆ ಬಿಟ್ಟರೆ ನೊರೆಯೆದ್ದು ಹುಳಿವಾಸನೆ ಹೊಡೆಯುವುದನ್ನು ಎಲ್ಲರೂ ಕಂಡಿರುತ್ತೇವೆ. ಗಾಳಿಯಲ್ಲಿ, ಸಿಪ್ಪೆಯ ಮೇಲೆ, ಪಾತ್ರೆಯಲ್ಲಿ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕೆಲಸ ಅದು. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಶಾಖವನ್ನೂ ಬಿಡುತ್ತದೆ. ಇದು ಜೀವಿಯೊಂದರ ಕೆಲಸವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ದೃಢಪಡಿಸಿದವರು ಲೂಯಿ ಪಾಶ್ಚರ್. ಇಂದು ಹಾಲಿಗೆ ಮಾಡುವ ಪಾಶ್ಚರೀಕರಣವನ್ನು ಅವರು ಮೊದಲು ರೂಪಿಸಿದ್ದು ವೈನ್ ಕೆಡದಂತೆ ಕಾಪಾಡಲು. ನಮ್ಮ ಆಯುರ್ವೇದದ ದ್ರಾಕ್ಷಾರಿಷ್ಟ, ದ್ರಾಕ್ಷಾಸವಗಳೂ ಹುದುಗುವಿಕೆಯಿಂದಲೇ ಆಗುವಂಥವು. ಅವುಗಳಲ್ಲಿನ ಮದ್ಯಸಾರ ಹೊರಗಿನಿಂದ ಬೆರೆಸಿದ್ದಲ್ಲ, ಒಳಗೇ ಹುಟ್ಟಿದ್ದು.

ಬಿಳಿ ವೈನ್‌ನಲ್ಲಿ ಹಣ್ಣನ್ನು ಮೊದಲು ಹಿಂಡಿ, ಸಿಪ್ಪೆಯನ್ನು ಬೇರ್ಪಡಿಸಿ, ತಿಳಿರಸವನ್ನು ಮಾತ್ರ 12ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಿಧಾನವಾಗಿ ಹುದುಗಿಸುತ್ತಾರೆ. ಶಾಖ ಹೆಚ್ಚಿದರೆ ಪರಿಮಳ ಹಾರಿಹೋಗುತ್ತದೆ. ಕೆಂಪು ವೈನ್‌ನಲ್ಲಿ ಹಣ್ಣನ್ನು ಜಜ್ಜಿ, ಸಿಪ್ಪೆ ಬೀಜಗಳ ಸಮೇತವೇ 24ರಿಂದ 30 ಡಿಗ್ರಿಯಲ್ಲಿ ಹುದುಗಿಸಿ ಆಮೇಲೆ ಹಿಂಡುತ್ತಾರೆ. ಹಣ್ಣಿನೊಳಗಿನ ರಸ ಬಹುತೇಕ ಕೆಂಪು ತಳಿಗಳಲ್ಲೂ ಬಣ್ಣವಿಲ್ಲದ್ದೇ. ಬಣ್ಣ ಇಳಿಯುವುದು ಸಿಪ್ಪೆಯಿಂದ. ಕೆಂಪು ಹಣ್ಣಿನ ಸಿಪ್ಪೆಯನ್ನು ಕೆಲವೇ ತಾಸು ರಸದಲ್ಲಿಟ್ಟು ತೆಗೆದರೆ ಗುಲಾಬಿ ವರ್ಣದ ‘ರೋಸೆ’ ಆಗುತ್ತದೆ. ಕೆಂಪು ವೈನ್ ಗುಟುಕರಿಸಿದಾಗ ನಾಲಗೆ ಒಣಗಿಸಿ ವಸಡು ಹಿಡಿದಂತೆ ಮಾಡುವ ಗುಣ ಟ್ಯಾನಿನ್ನಿನದು. ಅಡಿಕೆಯ ಒಗರಿಗೂ, ಅಡಿಕೆ ಬೇಯಿಸಿದ ಚೊಗರಿನ ಬಿಗಿತಕ್ಕೂ ಕಾರಣ ಇದೇ ಬಗೆಯ ವಸ್ತು.

ಮೊದಲ ಹುದುಗುವಿಕೆ ಮುಗಿದ ಮೇಲೆ ಕೆಂಪು ವೈನ್‌ಗೆ ಸಾಮಾನ್ಯವಾಗಿ ಎರಡನೆಯ ಬದಲಾವಣೆಯೊಂದು ನಡೆಯುತ್ತದೆ. ಸೇಬಿನಲ್ಲಿರುವ ಚುರುಕು ಹುಳಿಯಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೊಸರಿನಲ್ಲಿರುವ ಮೃದು ಹುಳಿಯಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಅನಂತರ ತಳದ ಗಷ್ಟು ಕುಳಿತಂತೆ ತಿಳಿಯನ್ನು ಬೇರೆ ಪಾತ್ರೆಗೆ ಬಸಿಯುವುದು, ಸ್ಟೀಲ್ ತೊಟ್ಟಿಯಲ್ಲಿ ಅಥವಾ ಓಕ್ ಮರದ ಪೀಪಾಯಿಯಲ್ಲಿ ಮಾಗಿಸುವುದು, ಸೋಸುವುದು, ಬಾಟಲಿ ತುಂಬುವುದು. ಒಂದು ಟನ್ ಹಣ್ಣಿನಿಂದ ಸುಮಾರು 600ರಿಂದ 700 ಲೀಟರ್ ವೈನ್ ಬರುತ್ತದೆ. ಅಂದರೆ 750 ಮಿಲಿಲೀಟರಿನ ಎಂಟುನೂರರಿಂದ ಒಂಬೈನೂರು ಬಾಟಲಿ.

ಕೆಡುವ ದಾರಿಗಳು, ಅಪಾಯದ ದಾರಿಗಳು

ವೈನ್‌ಗೆ ಮೊದಲ ಶತ್ರು ಗಾಳಿ. ಪಾತ್ರೆ ಅರ್ಧ ಖಾಲಿಯಿದ್ದರೆ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಗಾಳಿಯ ನೆರವಿನಿಂದ ಮದ್ಯಸಾರವನ್ನು ವಿನಿಗರ್ ಆಗಿಸುತ್ತದೆ. ಆದ್ದರಿಂದ ಪಾತ್ರೆ ಬಾಯಿತನಕ ತುಂಬಿರಬೇಕು. ಎರಡನೆಯ ಶತ್ರು ಅಶುಚಿತ್ವ. ಕಬ್ಬಿಣ, ತಾಮ್ರದ ಪಾತ್ರೆಗಳು ಸಲ್ಲವು. ಹುಳಿರಸ ಲೋಹವನ್ನು ಕರಗಿಸಿ ವೈನ್ ಕದಡುತ್ತದೆ, ರುಚಿಯೂ ಕೆಡುತ್ತದೆ. ಆಹಾರ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಗಾಜು ಮಾತ್ರ ಯೋಗ್ಯ. ಶರಬತ್ತು, ಸ್ಕ್ವಾಷ್ ತಯಾರಕರಿಗೆ ಪರಿಚಿತವಾದ ಪೊಟ್ಯಾಶಿಯಂ ಮೆಟಾಬೈಸಲ್ಫೈಟನ್ನು ಇಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿ ಬಳಸುತ್ತಾರೆ. ಪಿಎಚ್ ಹೆಚ್ಚಿದ್ದರೆ ಅದರ ಶಕ್ತಿ ಕುಂದುತ್ತದೆಂಬುದನ್ನು ನೆನಪಿಡಬೇಕು.

ಎರಡು ಅಪಾಯಗಳು ಮಾತ್ರ ಸರಕಿಗಲ್ಲ, ಪ್ರಾಣಕ್ಕೇ ಸಂಬಂಧಪಟ್ಟವು. ಲೀಟರಿಗೆ 200 ಗ್ರಾಂ ಸಕ್ಕರೆಯಿರುವ ರಸ ಪೂರ್ತಿ ಹುದುಗುವಾಗ ಪ್ರತಿ ಲೀಟರಿಗೆ 50 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಈ ಅನಿಲ ಗಾಳಿಗಿಂತ ಭಾರ. ಅದು ನೆಲದಲ್ಲಿ, ತೊಟ್ಟಿಯ ತಳದಲ್ಲಿ ಕಣ್ಣಿಗೆ ಕಾಣದಂತೆ ನಿಲ್ಲುತ್ತದೆ. ಹಾಳುಬಾವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುತ್ತಿದ್ದ ಹಿರಿಯರ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ. ಆದರೆ ಇಂದು ದೀಪವನ್ನು ನಂಬದೆ ಅನಿಲಮಾಪಕವನ್ನೂ ಫ್ಯಾನನ್ನೂ ಬಳಸಬೇಕು. ಖಾಲಿಯಾದ ತೊಟ್ಟಿಗೆ ಒಬ್ಬನೇ ಕೆಲಸಗಾರ ಎಂದೂ ಇಳಿಯಕೂಡದು.

ಇನ್ನೊಂದು ಅಪಾಯ ಬಾಟಲಿಯದು. ಸಿಹಿ ಉಳಿಯಲೆಂದು ಸಕ್ಕರೆ ಪೂರ್ತಿ ಹುದುಗುವ ಮುನ್ನವೇ ಬಾಟಲಿ ತುಂಬಿ ಬಿರಡೆ ಬಿಗಿದರೆ, ಒಳಗೆ ಉಳಿದ ಯೀಸ್ಟ್ ಮತ್ತೆ ಕೆಲಸಕ್ಕೆ ತೊಡಗುತ್ತದೆ. ಲೀಟರಿಗೆ 24 ಗ್ರಾಂ ಸಕ್ಕರೆ ಬಾಟಲಿಯೊಳಗೆ ಹುದುಗಿದರೆ ವಾತಾವರಣದ ಒತ್ತಡದ ಸುಮಾರು ಆರು ಪಟ್ಟು ಒತ್ತಡ ಉಂಟಾಗುತ್ತದೆ. ಫ್ರಾನ್ಸಿನ ಶಾಂಪೇನ್ ತಯಾರಿಕೆಯಲ್ಲಿ ಉದ್ದೇಶಪೂರ್ವಕವಾಗಿ ಮಾಡುವುದು ಇದನ್ನೇ. ಆದರೆ ಅದಕ್ಕೆ ದಪ್ಪ ಗಾಜಿನ ವಿಶೇಷ ಬಾಟಲಿಗಳಿವೆ. ಗುಜರಿಯಿಂದ ತಂದ ಸಾಧಾರಣ ಬಾಟಲಿ ಅಂಗಡಿಯ ಕಪಾಟಿನಲ್ಲಿ ಸಿಡಿದರೆ ಹೋಗುವುದು ಬರಿಯ ಬಾಟಲಿಯ ಬೆಲೆಯಲ್ಲ. ಯಾರದೋ ಕಣ್ಣು, ಆಮೇಲೆ ತಯಾರಕನ ಹೆಸರು.

ಬಾಟಲಿ ಕೊಳ್ಳುವವರಿಗೆ

ಕುತೂಹಲಿಗಳು ಲೇಬಲ್ ಮೇಲೆ ನಾಲ್ಕು ಸಂಗತಿಗಳನ್ನು ನೋಡಬೇಕು: ತಳಿ, ಕೊಯ್ಲಿನ ವರ್ಷ, ದ್ರಾಕ್ಷಿ ಬೆಳೆದ ಸ್ಥಳ, ಮದ್ಯಸಾರದ ಪ್ರಮಾಣ. ಹಳೆಯ ವೈನ್ ಎಲ್ಲವೂ ಉತ್ತಮವೆಂಬುದು ತಪ್ಪು ಕಲ್ಪನೆ. ಬಹುಪಾಲು ಬಿಳಿ ವೈನ್ ಒಂದೆರಡು ವರ್ಷದೊಳಗೆ, ಸಾಧಾರಣ ಕೆಂಪು ಮೂರು-ನಾಲ್ಕು ವರ್ಷದೊಳಗೆ ಬಳಸಬೇಕಾದವು. ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕೋಣೆಗಳಲ್ಲಿ. ಅದರ ಅರ್ಥ 16ರಿಂದ 18 ಡಿಗ್ರಿ. ನಮ್ಮ ಏಪ್ರಿಲ್ ತಿಂಗಳ ಕೋಣೆಯಲ್ಲಿ ಕೆಂಪು ವೈನನ್ನೂ ಅರ್ಧ ತಾಸು ಫ್ರಿಜ್ಜಿನಲ್ಲಿಡುವುದು ಸರಿ. ಬಿಳಿ ವೈನ್‌ಗೆ 8ರಿಂದ 12 ಡಿಗ್ರಿ. ಕಾರ್ಕ್ ಬಿರಡೆಯ ಬಾಟಲಿಯನ್ನು ಮಲಗಿಸಿಡಬೇಕು, ಒಣಗಿದ ಕಾರ್ಕ್ ಗಾಳಿ ಬಿಡುತ್ತದೆ. ತಿರುಗುಮುಚ್ಚಳದ ಬಾಟಲಿಗೆ ಈ ನಿಯಮವಿಲ್ಲ. ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಮೂರರಿಂದ ಐದು ದಿನ ಉಳಿದೀತು.

ವೈನ್ ಔಷಧವೆಂಬ ಪ್ರಚಾರಕ್ಕೆ ಮರುಳಾಗಬಾರದು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ನಮ್ಮ ಹಣ್ಣುಗಳಿಗೆ ಈ ಪಾಠ

ಬನವಾಸಿ ಸುತ್ತಿನ ಅನಾನಸು ಒಮ್ಮೆಗೇ ಪೇಟೆಗೆ ಬಂದಾಗ ಬೆಲೆ ಕುಸಿಯುವುದು, ಹಲಸು ಮರದಡಿಯಲ್ಲೇ ಕೊಳೆಯುವುದು ನಮ್ಮ ನೋವಿನ ಸಂಗತಿಗಳು. ಹುದುಗುವಿಕೆಯ ತತ್ತ್ವ ದ್ರಾಕ್ಷಿಗೆ ಮೀಸಲಾದುದಲ್ಲ. ಆದರೆ ಸಕ್ಕರೆ, ಹುಳಿ, ಒಗರು, ರಸ ನಾಲ್ಕನ್ನೂ ತಾನೇ ಹೊತ್ತು ತರುವ ಹಣ್ಣು ದ್ರಾಕ್ಷಿಯೊಂದೇ ಎನ್ನಬಹುದು. ಉಳಿದ ಹಣ್ಣುಗಳಲ್ಲಿ ಒಂದಿದ್ದರೆ ಇನ್ನೊಂದಿಲ್ಲ.

ಅನಾನಸಿನ ರಸ 13 ಬ್ರಿಕ್ಸ್ ಇದ್ದರೆ ಶೇಕಡಾ 7ರಷ್ಟು ಮಾತ್ರ ಮದ್ಯಸಾರ ಬರುತ್ತದೆ. ಅಂಥ ವೈನ್ ಬೇಗ ಕೆಡುವ ಸಂಭವ ಹೆಚ್ಚು. ಅದನ್ನು ಶೇಕಡಾ 11ಕ್ಕೆ ಏರಿಸಲು 100 ಲೀಟರ್ ರಸಕ್ಕೆ ಆರರಿಂದ ಏಳು ಕಿಲೋ ಸಕ್ಕರೆ ಸೇರಿಸಬೇಕು. ಆ ಖರ್ಚು ಲೆಕ್ಕಕ್ಕೆ ಬರಬೇಕು. ಮುರುಗಲಿನಲ್ಲಿ ಬಣ್ಣವೂ ಹುಳಿಯೂ ಧಾರಾಳ, ಸಕ್ಕರೆ ಕಡಿಮೆ. ನೀರು, ಸಕ್ಕರೆ ಎರಡೂ ಸೇರಿಸದೆ ಅದು ಹುದುಗದು. ಹಲಸಿನ ತೊಳೆಯಲ್ಲಿ ಸಕ್ಕರೆ ಹೇರಳ, ಹುಳಿ ಸಾಲದು, ರಸ ಇಳಿಯುವುದೂ ಕಷ್ಟ. ಪೆಕ್ಟಿನ್ ಹೆಚ್ಚಿರುವ ಹಣ್ಣುಗಳ ವೈನ್ ತಿಳಿಯಾಗಲು ಕಿಣ್ವದ ನೆರವು ಬೇಕಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಹುದುಗುವಿಕೆ ಶುರುವಾದ ಮೇಲೆ ರಿಫ್ರ್ಯಾಕ್ಟೋಮೀಟರ್ ತೋರಿಸುವ ಅಂಕಿ ಸರಿಯಿರುವುದಿಲ್ಲ, ಮದ್ಯಸಾರ ಅದನ್ನು ತಪ್ಪಿಸುತ್ತದೆ. ಆಗ ಹೈಡ್ರೋಮೀಟರ್ ಬಳಸಬೇಕು. ಈ ಒಂದು ಮಾತು ತಿಳಿಯದೆ ‘ಹುದುಗುವಿಕೆ ನಿಂತಿತು’ ಎಂದೋ, ‘ಮುಗಿಯಿತು’ ಎಂದೋ ತಪ್ಪಾಗಿ ತಿಳಿದರೆ ಮೇಲೆ ಹೇಳಿದ ಸಿಡಿಯುವ ಬಾಟಲಿಯೇ ಗತಿ.

ಕಾನೂನು ಮತ್ತು ಬಂಡವಾಳ

ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಣ್ಣು ನಮ್ಮದೇ, ಮನೆ ನಮ್ಮದೇ ಎಂಬ ಸಮಜಾಯಿಷಿ ನಡೆಯದು. ಬಟ್ಟಿ ಇಳಿಸುವುದಂತೂ ಬೇರೆಯೇ ವಿಷಯ. ಗೋವೆಯ ಫೆನಿ ಬಟ್ಟಿ ಇಳಿಸಿದ ಮದ್ಯ, ವೈನ್ ಅಲ್ಲ. ಅದರ ಕಾನೂನೂ ಅಪಾಯವೂ ಬೇರೆ. ವೈನ್‌ನ ಗುಣಮಟ್ಟ, ಮದ್ಯಸಾರದ ಮಿತಿ, ಲೇಬಲ್ ಮತ್ತು ಅದರ ಮೇಲಿನ ಎಚ್ಚರಿಕೆಯ ಬರಹಗಳನ್ನು 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಮದ್ಯ ಪಾನೀಯಗಳು) ನಿಯಮಾವಳಿ ನಿರ್ದೇಶಿಸುತ್ತದೆ. ದ್ರಾಕ್ಷಿಯಲ್ಲದ ಹಣ್ಣಿನ ವೈನ್ ಕೂಡ ಅದರ ವ್ಯಾಪ್ತಿಗೆ ಬರುತ್ತದೆ. ಮಾನವ ಬಳಕೆಯ ಮದ್ಯ ಜಿ.ಎಸ್.ಟಿ. ವ್ಯಾಪ್ತಿಯ ಹೊರಗಿದೆ. ಆದ್ದರಿಂದ ಬಾಟಲಿ, ಯಂತ್ರ, ಲೇಬಲ್‌ಗಳ ಮೇಲೆ ತೆತ್ತ ಜಿ.ಎಸ್.ಟಿ.ಯನ್ನು ಮಾರಾಟದ ತೆರಿಗೆಯಲ್ಲಿ ಹಿಂದಕ್ಕೆ ಪಡೆಯಲಾಗದು, ಅದು ಖರ್ಚಿಗೇ ಸೇರುತ್ತದೆ. ಯೋಜನಾ ವರದಿ ಬರೆಯುವಾಗ ಅನೇಕರು ಮರೆಯುವ ಅಂಶವಿದು. ನೆರೆಯ ಕೇರಳ 2022ರಲ್ಲಿ ತೋಟಗಾರಿಕೆ ಬೆಳೆಗಳಿಂದ ಸಣ್ಣ ಪ್ರಮಾಣದಲ್ಲಿ ವೈನ್ ತಯಾರಿಸಲು ಪ್ರತ್ಯೇಕ ನಿಯಮಗಳನ್ನು ಮಾಡಿದೆ. ಅಂಥ ನಿಯಮಗಳನ್ನು ಅಧ್ಯಯನ ಮಾಡಿ ನಮ್ಮ ಅಗತ್ಯಗಳನ್ನು ಸರ್ಕಾರದ ಮುಂದಿಡುವುದು ವಾಣಿಜ್ಯ ಸಂಸ್ಥೆಗಳಿಗೆ ಸಲ್ಲುವ ಕಾರ್ಯ.

ಈ ದಿಕ್ಕಿನಲ್ಲಿ ಆಸಕ್ತಿಯುಳ್ಳ ಸದಸ್ಯರು ಕೆಳಗಿನ ಕ್ರಮವನ್ನು ಅನುಸರಿಸುವುದು ಲೇಸು:

1. ಮೊದಲು ಅಬಕಾರಿ ಇಲಾಖೆಯಿಂದ, ತಾವು ಬಳಸಲಿರುವ ಹಣ್ಣಿನ ಹೆಸರನ್ನೇ ಬರೆದು, ಪರವಾನಗಿ ಸಾಧ್ಯವೇ ಎಂದು ಲಿಖಿತವಾಗಿ ತಿಳಿಯಬೇಕು.

2. ಒಂದು ಪೂರ್ಣ ಹಂಗಾಮಿನಲ್ಲಿ ವಾರಕ್ಕೊಮ್ಮೆ ಹಣ್ಣಿನ ಬ್ರಿಕ್ಸ್, ಪಿಎಚ್, ಬೆಲೆ ಮೂರನ್ನೂ ಬರೆದಿಡಬೇಕು. ಹಣ್ಣು ಅಗ್ಗವಾಗುವ ವಾರ ಮತ್ತು ಹಣ್ಣು ಯೋಗ್ಯವಾಗಿರುವ ವಾರ ಒಂದೇ ಆಗಿರಲಾರದು.

3. ಮಾಗುವ ತಿಂಗಳುಗಳ ಕಾಲ ಬಂಡವಾಳ ತೊಟ್ಟಿಯಲ್ಲಿ ನಿಂತಿರುತ್ತದೆ. ಆ ಅವಧಿಯ ಬಡ್ಡಿಯನ್ನು, ತಂಪಿಗೆ ಬೇಕಾದ ವಿದ್ಯುತ್ತಿನ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯಬೇಕು.

4. ಅನುಮತಿ ದೊರೆಯುವವರೆಗೆ ಹುದುಗಿಸದ ಉತ್ಪನ್ನಗಳಾದ ಮುರುಗಲು ಶರಬತ್ತು, ಅನಾನಸಿನ ರಸ, ಹಲಸಿನ ಹಪ್ಪಳಗಳಲ್ಲಿ ಇದೇ ಅಳತೆ, ಇದೇ ಶುಚಿತ್ವವನ್ನು ರೂಢಿಸಿಕೊಳ್ಳಬೇಕು. ಆ ಶಿಸ್ತು ಎಲ್ಲಿಯೂ ವ್ಯರ್ಥವಾಗುವುದಿಲ್ಲ.

ಕೊನೆಯದಾಗಿ, ಬೋರ್ಡೋ ಪ್ರಾಂತ್ಯದವರು ತಮ್ಮ ಹವೆಗೆ ಒಗ್ಗಿದ ಬಳ್ಳಿಯನ್ನು ಹಿಡಿದರು. ನಮ್ಮ ಹಿರಿಯರು ತಮ್ಮ ಕಣಿವೆಗೆ ಒಗ್ಗಿದ ಅಡಿಕೆಯನ್ನು ಹಿಡಿದರು. ಅವರ ಔಷಧವನ್ನು ನಾವು ಪಡೆದದ್ದು ಬಳ್ಳಿಯನ್ನು ನಕಲು ಮಾಡಿ ಅಲ್ಲ, ಅದರ ಹಿಂದಿನ ತತ್ತ್ವವನ್ನು ಅರಿತು ನಮ್ಮ ಮರಕ್ಕೆ ಹೊಂದಿಸಿಕೊಂಡು. ವೈನ್ ವಿದ್ಯೆಯಿಂದಲೂ ನಾವು ತೆಗೆದುಕೊಳ್ಳಬೇಕಾದದ್ದು ಅಷ್ಟೇ. ದ್ರಾಕ್ಷಿಯ ಬಳ್ಳಿ ವಿಜಯಪುರದಲ್ಲಿರಲಿ, ಅಳೆದು ನೋಡಿ ಹೆಜ್ಜೆಯಿಡುವ ಅದರ ಪದ್ಧತಿ ನಮ್ಮ ಕಾರ್ಖಾನೆಗಳಿಗೆ ಬರಲಿ.